ಏಳರ ಲೆಕ್ಕದ ಬ್ಯಾಂಡು

ನನ್ನ ಅಣ್ಣನ ಬ್ಯಾಂಡು ಬಾಳಿದ್ದು ಒಂದೇ ವರ್ಷ. ಜನರ ಮುಂದೆ ನುಡಿಸಿದ್ದು ಒಂದೇ ಹಾಡು. ಆದರೂ ತೊಂಬತ್ತರ ದಶಕದ ನಾಗಪುರದಲ್ಲಿ ಅಂಥ ಇನ್ನೊಂದು ಬ್ಯಾಂಡು ಇರಲಿಲ್ಲವೆಂದು ನಾನು ಯಾರೊಂದಿಗೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ.

ಇದ್ದವರು ಮೂವರು. ಕೀಬೋರ್ಡಿಗೆ ಅಣ್ಣ, ಗಿಟಾರಿಗೆ ರೈಲ್ವೆ ಅಧಿಕಾರಿಯೊಬ್ಬರ ಮಗ, ಡ್ರಮ್ಮಿಗೆ ಹಳೇ ಊರಿನ ಮಹಾಲ್ ಪೇಟೆಯ ಹುಡುಗ. ಇವನು ಗಣಪತಿ ಮೆರವಣಿಗೆಯಲ್ಲಿ ಢೋಲು ಬಾರಿಸಿ ಕೈ ಪಳಗಿಸಿಕೊಂಡವನು. ಬೇರೆ ಹುಡುಗರು ಸಿನಿಮಾ ಹಾಡು ನುಡಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದಾಗ ಇವರದು ಪ್ರೋಗ್ರೆಸಿವ್ ರಾಕ್: ಕಾಲು ಗಂಟೆಯ ಹಾಡು, ಮಾತು ಕಡಿಮೆ, ಅದೂ ಏಳು ಪೆಟ್ಟಿನ ಲೆಕ್ಕದಲ್ಲಿ. ತಾಲೀಮು ಕೇಳಲು ಬಂದ ಗೆಳೆಯರು ನಾಲ್ಕರ ಲೆಕ್ಕಕ್ಕೆ ತಲೆದೂಗಿ ಪೆಚ್ಚಾಗುತ್ತಿದ್ದರು. ಈ ಲೆಕ್ಕ ವಿಲಾಯತಿ ಕ್ಯಾಸೆಟ್ಟುಗಳಿಂದ ಕಲಿತದ್ದೆಂದು ಅಣ್ಣನಿಗೆ ಬಹಳ ಜಂಬ.

ತಾಲೀಮು ನಮ್ಮ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ. ಅವ್ವ ಅವಲಕ್ಕಿ ತಂದಿಟ್ಟು ಹೊಸ್ತಿಲಲ್ಲಿ ನಿಂತರೆ ಅಣ್ಣ, "ಬಾಗಲಾ ಹಾಕ್ಕೊಂಡ್ ಹೋಗವಾ, ನಿನಗ ಇದು ತಿಳಿಯಾಂಗಿಲ್ಲ" ಎನ್ನುತ್ತಿದ್ದ. ಅವಳು ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು.

ಅಷ್ಟರಲ್ಲಿ ಗಿಟಾರ್ ಹುಡುಗನ ತಂದೆಗೆ ಜಬಲ್ಪುರಕ್ಕೆ ವರ್ಗವಾಯಿತು. ಕಾಲೇಜಿನ ಸ್ಪರ್ಧೆಯವರು ಹಾಡು ಉದ್ದವೆಂದು ಮೊದಲೇ ಸಾಗಹಾಕಿದ್ದರು. ಅವನು ಹೋಗುವ ಮುನ್ನ ಒಂದು ಸಲವಾದರೂ ಜನರೆದುರು ಆ ಹಾಡನ್ನು ಪೂರ್ತಿ ನುಡಿಸಬೇಕು. ಮೂವರಿಗೂ ಬೇರೆ ಆಸೆಯೇ ಇರಲಿಲ್ಲ. ಕೊನೆಗೆ ಜಾಗ ಸಿಕ್ಕಿದ್ದು ನಮ್ಮ ಕನ್ನಡ ಮಂದಿಯ ರಾಜ್ಯೋತ್ಸವದಲ್ಲಿ, ಅವ್ವನ ಭಜನಾ ಮಂಡಳಿಯ ನಂತರ, ಊಟಕ್ಕೆ ಮೊದಲು. ಹಸಿದವರ ಮುಂದೆ ಕಾಲು ಗಂಟೆಯ ಹಾಡು! ಆ ಧೈರ್ಯಕ್ಕೇ ನಾನು ಕೈ ಮುಗಿಯುತ್ತೇನೆ.

ಹಾಡು ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಗಿಟಾರು, ಕೀಬೋರ್ಡು ಎರಡೂ ಮೂಕವಾದವು. ಮಹಾಲಿನ ಹುಡುಗ ಮಾತ್ರ ಡ್ರಮ್ಮು ಬಿಡಲಿಲ್ಲ. ಹುರುಪಿಗೆ ಬಂದ ಸಭಿಕರು ಚಪ್ಪಾಳೆ ತಟ್ಟತೊಡಗಿದರು, ಅದೂ ನಾಲ್ಕರ ಲೆಕ್ಕದಲ್ಲಿ. ಆ ಗದ್ದಲಕ್ಕೆ ಅವನ ಕೈಯೂ ತಡವರಿಸಿತು. ಇನ್ನು ಮುಗಿಯಿತೆಂದು ಅಣ್ಣ ತಲೆ ತಗ್ಗಿಸಿದ.

ಆಗ ಮುಂದಿನ ಸಾಲಿನಿಂದ ತಾಳದ ಸದ್ದು ಎದ್ದಿತು. ಭಜನೆ ಮುಗಿಸಿ ಕುಳಿತಿದ್ದ ಅವ್ವ, ಮಡಿಲಲ್ಲಿದ್ದ ಹಿತ್ತಾಳೆಯ ತಾಳ ಎತ್ತಿಕೊಂಡು ಏಳನ್ನು ಹಿಡಿದಿದ್ದಳು: ಮೂರು, ಎರಡು, ಎರಡು. ಪಕ್ಕದ ಹೆಂಗಸರೂ ಕೂಡಿಕೊಂಡರು. ಚಪ್ಪಾಳೆ ಸೋತು ಸುಮ್ಮನಾಯಿತು. ಡ್ರಮ್ಮು ಮತ್ತೆ ದಾರಿಗೆ ಬಂತು. ಕರೆಂಟು ಬಂದಾಗ ಗಿಟಾರು, ಕೀಬೋರ್ಡು ಒಂದೇ ಪೆಟ್ಟಿಗೆ ಎದ್ದವು.

ಹಾಡು ಪೂರ್ತಿಯಾಯಿತು. ಅಣ್ಣ ವೇದಿಕೆಯಿಂದಿಳಿದು ನೆಟ್ಟಗೆ ಅವ್ವನ ಬಳಿ ಬಂದ.

"ಅವ್ವಾ, ಈ ಲೆಕ್ಕ ನಿನಗ ಹೆಂಗ ಗೊತ್ತು?"

"ಶುಕ್ರವಾರದ ಭಜನಿ ಮತ್ಯಾವ ಲೆಕ್ಕದಾಗ ಹಾಡ್ತೀವೋ ಹುಚ್ಚಪ್ಪಾ? ನನ್ನ ತೊಡಿ ಮ್ಯಾಲ ಮಲಗಿ ಕೇಳಿದಾಂವ ನೀನ."

ಮರುದಿನವೇ ಊರು ಬಿಡಬೇಕಿದ್ದ ಗಿಟಾರ್ ಹುಡುಗ ಅವಳ ಕಾಲು ಮುಟ್ಟಿ, "ಕಾಕೂ, ತುಮ್ಹೀ ಆಧೀ ಕಾ ನಾಹೀ ಆಲಾತ?" ಎಂದ ಮರಾಠಿಯಲ್ಲಿ, ಮೊದಲೇ ಯಾಕೆ ಬರಲಿಲ್ಲವೆಂದು.

ಅವ್ವ ಅವನ ತಲೆ ಸವರಿದಳು. ಉತ್ತರ ಹೇಳಿದ್ದು ಮಾತ್ರ ಅಣ್ಣನ ಮುಖ ನೋಡಿ, ಕನ್ನಡದಲ್ಲಿ.

"ದಿನಾ ಬರ್ತಿದ್ದೆನಪಾ. ಬಾಗಲಾ ಹಾಕ್ಕೊಂಡ್ ಹೋಗು ಅಂತಿದ್ರಿ."