ಹೊಗೆ ಬಿಟ್ಟೆ ಅಜ್ಜಿ!

ನನ್ನ ಇಪ್ಪತ್ತಾರರ ಮೊಮ್ಮಗ ಸಿಗರೇಟನ್ನೂ ಬಿಟ್ಟ, ಅದರ ಬ್ಯಾಟರಿ ತಮ್ಮನನ್ನೂ ಬಿಟ್ಟ! ಮೊನ್ನೆ ಅಮೆರಿಕದ ಕ್ಯಾರಲ್ಟನ್ನಿನ ಮಗಳ ಮನೆಯಲ್ಲಿ "ಅಜ್ಜಿ, ನಾನು ಹೊಗೆ ಬಿಟ್ಟೆ" ಎಂದ. ಮೂಗಿನಿಂದ ಬುಸಬುಸನೆ ಬರುತ್ತಿತ್ತು.

"ಕಾಣ್ತಿದೆಯಲ್ಲೋ, ಬಿಡ್ತಾನೇ ಇದ್ದೀಯ!" ಎಂದೆ.

ಅದು ಬ್ಯಾಟರಿಯಲ್ಲಿ ನಡೆಯೋ ಇ-ಸಿಗರೇಟಿನ ಆವಿಯಂತೆ. ಪಾಪ, ಬಾಯಿ ಒಣಗಿ, ಗಂಟಲು ಕೆರೆದು, ಮಾತಿಗೊಂದು ಲೋಟ ನೀರು ಕುಡಿಯುತ್ತಿದ್ದ.

"ಇದರ ಲಿಕ್ವಿಡ್‌ನಲ್ಲಿರೋ ಗ್ಲೈಕಾಲ್ ಅನ್ನೋ ಕೆಮಿಕಲ್ ನಂಗೆ ಆಗಲ್ಲ ಅಜ್ಜಿ. ಬೇರೆ ಲಿಕ್ವಿಡ್ ಟ್ರೈ ಮಾಡ್ತೀನಿ."

"ಬದನೆಕಾಯಿ ತುರಿಸುತ್ತೆ ಅಂತ ಹುಳಿಯಿಂದ ಹೋಳು ಆರಿಸಿ ಎಸೀತೀಯ. ಇದನ್ನ ಮಾತ್ರ ಎದೆ ಒಳಗೇ ಎಳ್ಕೋತೀಯಲ್ಲೋ!"

ಅವನು ಬಿದ್ದು ಬಿದ್ದು ನಕ್ಕು, ಇನ್ನು ಇದೂ ಬೇಡ ಅಂತ ಆ ಇ-ಸಿಗರೇಟಿನ ಕೊಳವೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಖುಷಿಯಲ್ಲಿ ಮೈಮರೆತು ನಾನು ಅಳಿಯಂದಿರ ಪಾಯಸಕ್ಕೆ ಸಾರು ಸುರಿದೆ. ಅವರು ಚಪ್ಪರಿಸಿ ತಿಂದರು.