ಪುಟ್ಟಿಯಡಿಯ ಅಂಕಿಗಳು

ನನ್ನ ಸೈಕಲ್ಲನ್ನು ಗುಜರಿ ಎಂದವರು ಘಣಸೋಲಿಯ ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿಗಳು. ಉಡುಪಿಯ ಕಡೆಯವರು, ಹೋಟೆಲು ನಡೆಸುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಎಲ್ಲರೆದುರು, ಚಹಾದ ಲೋಟ ಕೈಯಲ್ಲಿ ಹಿಡಿದು ಅವರಾಡಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಆ ಗುಜರಿಯನ್ನು ಕಳಂಬೋಲಿಯ ಕಬ್ಬಿಣದ ಮಾರ್ಕೆಟಿಗೆ ಕಳ್ಸಿ ಮಾರಾಯ್ರೆ. ಗೇಟಿನ ಚೆಂದ ಹಾಳಾಗ್ತದೆ." ಬಹಳ ಮಂದಿ ನಕ್ಕರು. ಯಾರು ಯಾರು ನಕ್ಕರೆಂಬುದನ್ನು ಮನೆಗೆ ಬಂದು ಡೈರಿಯಲ್ಲಿ ಬರೆದಿಟ್ಟೆ.

ರಬಾಳೆಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಬಣ್ಣ ಪರೀಕ್ಷಿಸುವುದೇ ನಿವೃತ್ತಿಯವರೆಗೂ ನನ್ನ ಕೆಲಸವಾಗಿತ್ತು. ಒಂದು ಗುಳಿ, ಒಂದು ಗೀರು ಕಂಡರೂ ವಾಪಸು ಕಳಿಸುತ್ತಿದ್ದೆ. ಅಂಥವನಿಗೆ ಈ ಮಾತು. ಮರುದಿನವೇ ಗ್ಯಾಲರಿಯಲ್ಲಿ, ಎಂದರೆ ಮನೆಯ ಬಾಲ್ಕನಿಯಲ್ಲಿ, ಹಳೆಯ ಪತ್ರಿಕೆ ಹಾಸಿ, ಚಕ್ರಗಳನ್ನು ಕಳಚಿ, ಫ್ರೇಮನ್ನು ತಲೆಕೆಳಗು ಮಾಡಿದೆ. ತುಕ್ಕನ್ನು ಅರದಿಂದ ಕೆರೆದು, ಸ್ಯಾಂಡ್ ಪೇಪರಿನಿಂದ ಉಜ್ಜಿದೆ. ಕಣ್ಣಿಗೆ ಕಂಡ ಪ್ರತಿ ಗುಳಿಗೂ ಪುಟ್ಟಿಯ ಲೇಪ ತುಂಬಿ, ಒಣಗಿದ ಮೇಲೆ ಕಡು ಹಸಿರು ಬಣ್ಣವನ್ನು ಮೂರು ಸಲ ಹಚ್ಚಿದೆ. ಕಾರ್ಖಾನೆಯಲ್ಲಾದರೂ ನಾನೇ ಪಾಸು ಮಾಡುವಂತಿತ್ತು.

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಬಾಂಬಿನ ಭಯಕ್ಕೆ ಲೋಕಲ್ ರೈಲಿನ ಸೀಟಿನಡಿ ಬಗ್ಗಿ ನೋಡಿಯೇ ಜನ ಕೂರುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ ನಿಲ್ಲಿಸಿದ್ದ ಸೈಕಲ್ಲೊಂದು ಸಿಡಿದ ಸುದ್ದಿ ಬಂತು. ವಾರದೊಳಗೆ ನೋಟಿಸು ಬೋರ್ಡಿನಲ್ಲಿ ಒಂದು ಚೀಟಿ: ಭಾನುವಾರ ಪೊಲೀಸರು ಬಂದು ಪ್ರತಿಯೊಂದು ಸೈಕಲ್ಲಿನ ಫ್ರೇಮ್ ನಂಬರ್ ಬರೆದುಕೊಳ್ಳುವರು.

ಓದುತ್ತಿದ್ದಂತೆ ನನಗೆ ಹೊಳೆಯಿತು. ಪೆಡಲಿನ ಅಚ್ಚು ಕೂರುವ ಕೊಳವೆಯ ಅಡಿಯಲ್ಲಿ ನಾನು ಅರ ಹಾಕಿ, ಪುಟ್ಟಿ ತುಂಬಿದ್ದ ಸಾಲುಗುಳಿಗಳು ತುಕ್ಕಿನವಲ್ಲ. ಅವು ಅಂಕಿಗಳು. ಸೈಕಲ್ಲು ನಾನು ಅಂಗಡಿಯಿಂದ ಕೊಂಡದ್ದಲ್ಲ. ಊರಿಗೆ ಹೊರಟುಹೋದ ಸಹೋದ್ಯೋಗಿ ಬಿಟ್ಟುಕೊಟ್ಟದ್ದು. ರಸೀದಿಯಿಲ್ಲ. ಅಂದು ಡೈರಿಯಲ್ಲಿ ಬರೆದುಕೊಂಡಿದ್ದ ನಂಬರೊಂದೇ ಆಧಾರ.

ಹಿಂದೆ ನಿಂತಿದ್ದ ಕಾರ್ಯದರ್ಶಿಗಳು ನಗುತ್ತ ಅಂದರು, "ನಿಮ್ಮದು ಹೊಸ ಬಣ್ಣ ಅಲ್ವಾ? ಎಂತ ಮುಚ್ಚಲಿಕ್ಕೆ ಬಳಿದದ್ದು ಅಂತ ಕೇಳ್ತಾರೆ, ನೋಡಿ."

ಮನೆಯಲ್ಲಿ ವಿಷಯ ಕೇಳಿ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಹೆದರಿ ಕುಂತ್ರ ನಂಬರ್ ತಾನಾಗೇ ಎದ್ದು ಬರ್ತೈತೇನ್ರಿ? ಈಗ ಕೆರದು ನೋಡ್ರಿ."

"ಕೆರದ ಮ್ಯಾಲೆ ಏನೂ ಇಲ್ಲಂದ್ರ?" ಅಂದೆ.

ಮೂರು ದಿನ ನಾನು, ಸೈಕಲ್ಲು ಇನ್ನೂ ನಿಂತಿದ್ದ ಗ್ಯಾಲರಿಯ ಬಾಗಿಲು ತೆರೆಯಲಿಲ್ಲ. ಅರ ಎಷ್ಟು ಆಳಕ್ಕೆ ಹೋಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾರು ಏನಂದರೆಂಬುದೆಲ್ಲ ನೆನಪಿರುವ ನನಗೆ ನನ್ನ ಕೈ ಮಾಡಿದ್ದೇ ನೆನಪಿರಲಿಲ್ಲ. ಲಿಫ್ಟಿನ ಬಾಗಿಲ ಸದ್ದಾದರೆ ಪೊಲೀಸರೇನೋ ಎಂದು ಎದ್ದು ಹೋಗಿ ನೋಡುತ್ತಿದ್ದೆ.

ಭಾನುವಾರ ಪೇದೆ, ನಾನು ಗೇಟಿನ ಬಳಿಗೆ ಇಳಿಸಿ ತಂದ ಸೈಕಲ್ಲಿನಡಿ ಬಗ್ಗಿ ನೋಡಿ ತಲೆಯೆತ್ತಿದ. "ನಂಬರ್ ಕುಠೇ ಆಹೆ, ಕಾಕಾ?"

ನಂಬರ್ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ. ನೆಲಕ್ಕೆ ಕೂತು, ಜೇಬಿನಲ್ಲಿ ತಂದಿದ್ದ ಅಡುಗೆಮನೆಯ ಚಾಕುವಿನಿಂದ ಕೆರೆಯತೊಡಗಿದೆ. ಹಸಿರು ಹೋಯಿತು, ಪುಟ್ಟಿ ಪುಡಿಯಾಗಿ ಉದುರಿತು. ಒಂದೊಂದೇ ಅಂಕಿ ಮಸುಕಾಗಿ ಮೇಲೆದ್ದಿತು. ಪೇದೆ ನಾನು ಕೊಟ್ಟ ಡೈರಿಯೊಂದಿಗೆ ಹೋಲಿಸುತ್ತ ಬಂದ. ಕೊನೆಯದರಲ್ಲಿ ಉಳಿದದ್ದು ಒಂದು ಓರೆ ಗೆರೆ ಮಾತ್ರ. ಡೈರಿಯಲ್ಲಿ ಏಳು ಇತ್ತು. ಅದರ ತಲೆಯನ್ನು ನನ್ನ ಅರವೇ ತಿಂದಿತ್ತು.

"ಸಾತ್ ಕೀ ಏಕ್?" ಏಳೋ, ಒಂದೋ? ಅವನ ಪೆನ್ನು ಗಾಳಿಯಲ್ಲೇ ನಿಂತಿತ್ತು.

ಕಾರ್ಯದರ್ಶಿಗಳು ಮುಂದೆ ಬಂದು, ಈ ಕಾಕಾ ಎಲ್ಲವನ್ನೂ ಬರೆದಿಡುವ ಮನುಷ್ಯ, ಏಳೇ ಎಂದು ಬರೆಯಿರಿ ಎಂದು ಮರಾಠಿಯಲ್ಲಿ ಹೇಳಿದರು. ಪೇದೆ ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಏಳು ಎಂದು ಬರೆದುಕೊಂಡ.

ನನ್ನನ್ನು ಉಳಿಸಿದ್ದು ಆ ಬಾಯಿಯೇ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ, ಗುಜರಿಯ ಮಾತಿನ ಕೆಳಗೆ. ಮೇಲಿನದನ್ನು ಹೊಡೆದುಹಾಕಿಲ್ಲ.

ಆ ಜಾಗಕ್ಕೆ ಮತ್ತೆ ಬಣ್ಣ ಹಚ್ಚಲಿಲ್ಲ. ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದೆ. ಮುಂದೆ ಎಷ್ಟೋ ವರ್ಷ, ಗೇಟಿನ ಬಳಿ ಪೊಲೀಸ್ ಗಾಡಿ ನಿಂತಾಗಲೆಲ್ಲ ಕೆಳಗಿಳಿದು ಹೋಗಿ, ಆ ಓರೆ ಗೆರೆ ಇನ್ನೂ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ.