ಗೆರೆಯ ಹತ್ತಿರ ಕೂತವಳು

ಒದ್ದೆ ಮಣ್ಣಿನ ಮೇಲೆ ಸುಣ್ಣದ ಪುಡಿ ಉದುರಿಸಿದಾಗ ಏಳುವ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ನಿಮಗೆ ಹಬ್ಬಕ್ಕೆ ಬಳಿದ ಗೋಡೆ ನೆನಪಾಗಬಹುದು, ನಿಮ್ಮ ಪುಣ್ಯ. ನನಗೆ ನೆನಪಾಗುವುದು ಕಬಡ್ಡಿ ಅಂಕಣ, ಅದರ ಬೆನ್ನಿಗೇ ಬನಹಟ್ಟಿಯ ನಮ್ಮ ಮನೆ. ಹಗಲೆಲ್ಲ ಮಗ್ಗದ ಸದ್ದು, ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ. ಆ ಸದ್ದಿನಲ್ಲಿ ಉಪ್ಪು ಕೊಡು ಅನ್ನಲೂ ಕೂಗಬೇಕಿತ್ತು, ಹಾಗಾಗಿ ನಮ್ಮ ಮನೆಯವರ ಪ್ರೀತಿಯ ಮಾತೂ ಓಣಿಯವರಿಗೆ ಜಗಳದಂತೆ ಕೇಳುತ್ತಿತ್ತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಲ್ಲಿ ಯಾರೂ ಕೂಗುವುದಿಲ್ಲ.

ನನ್ನಪ್ಪ ಮಲ್ಲಪ್ಪ ಹಗಲು ಸೀರೆ ನೇಯುತ್ತಿದ್ದ, ಸಂಜೆ ಕಬಡ್ಡಿ ಆಡುತ್ತಿದ್ದ. ಅವನ ಅಕ್ಕ ಗಿರಿಜತ್ತೆ ಮದುವೆಯಾಗದೆ ನಮ್ಮ ಜೊತೆಗೇ ಇದ್ದಳು, ರಬಕವಿಯ ಸಾಲೆಯೊಂದರಲ್ಲಿ ಪಿ.ಟಿ. ಟೀಚರ್. ಇಬ್ಬರಿಗೂ ಹಿತ್ತಲಲ್ಲಿ ಆಟ ಕಲಿಸಿದವನು ನಮ್ಮಜ್ಜ. ಅಜ್ಜನ ಕಾಲದಲ್ಲಿ ನಮ್ಮ ಕಡೆ ಅದಕ್ಕೆ ಹುತುತು ಅನ್ನುತ್ತಿದ್ದರು. ಎದುರಾಳಿಯ ಅಂಕಣಕ್ಕೆ ನುಗ್ಗಿದವನು ದಮ್ಮು ಬಿಡದೆ ಹುತುತು ಹುತುತು ಅಂತಲೇ ಹೇಳಬೇಕಿತ್ತು. ಆಮೇಲೆ ಕಬಡ್ಡಿಯ ನಿಯಮ ಬಂತು. ಕಬಡ್ಡಿ ಅನ್ನುವುದೊಂದೇ ಶಬ್ದ, ಬೇರೆ ಏನಂದರೂ ಆ ದಾಳಿ ರದ್ದು, ಎದುರಿನವರಿಗೆ ಅಂಕ. ಅಪ್ಪನ ನಾಲಿಗೆ ಮಾತ್ರ ಪೂರ್ತಿ ಬದಲಾಗಲಿಲ್ಲ. ಉಸಿರು ಮುಗಿಯುತ್ತ ಬಂದಾಗ ಒಮ್ಮೊಮ್ಮೆ ಹಳೆಯದಕ್ಕೇ ಜಾರುತ್ತಿತ್ತು. ಹಿತ್ತಲಿನ ತಾಲೀಮಿನಲ್ಲಿ ಅತ್ತೆ ಗದರುತ್ತಿದ್ದಳು: "ಮಲ್ಲೂ, ದಮ್ಮ ಮುಗಿಯೂ ಮುಂದ ನಿನ್ನ ಬಾಯಾಗ ಅಪ್ಪ ಬರ್ತಾನ. ನೋಡ್ಕೊ." ಅಪ್ಪ ನಗುತ್ತಿದ್ದ. ಜಾರಿದ್ದು ತನಗೆ ಗೊತ್ತೇ ಆಗುವುದಿಲ್ಲ ಅನ್ನುತ್ತಿದ್ದ.

ಇಬ್ಬರಿಗೂ ದೊಡ್ಡ ಆಸೆ ಇತ್ತು. ಅಪ್ಪನಿಗೆ ರಾಜ್ಯ ತಂಡದ ಬನಿಯನ್ ಹಾಕಬೇಕು. ಆಗಲೇ ಮೂವತ್ತು ಸಮೀಪಿಸಿತ್ತು, ಮೊಣಕಾಲು ತಕರಾರು ಮಾಡುತ್ತಿತ್ತು, ಇನ್ನು ಒಂದೇ ವರ್ಷ ಅಂತ ಅವನೇ ಹೇಳಿಕೊಂಡಿದ್ದ. ಅತ್ತೆಗೆ ಗಂಡಸರ ಫೈನಲ್‌ನಲ್ಲಿ ಸೀಟಿ ಊದಬೇಕು. ರೆಫರಿ ಪರೀಕ್ಷೆ ಪಾಸಾಗಿ ವರ್ಷಗಳಾಗಿದ್ದರೂ ಕಬಡ್ಡಿ ಸಂಘದವರು ಅವಳನ್ನು ಅಂಕ ಬರೆಯುವ ಮೇಜಿಗೆ ಕೂರಿಸುತ್ತಿದ್ದರು, ಇಲ್ಲವೆ ಸಣ್ಣ ಹುಡುಗಿಯರ ಪಂದ್ಯಕ್ಕೆ ಅಟ್ಟುತ್ತಿದ್ದರು.

ಜಮಖಂಡಿಯಲ್ಲಿ ಜಿಲ್ಲಾ ಪಂದ್ಯಾವಳಿಯ ಫೈನಲ್ ಇದ್ದ ದಿನ ಮುಧೋಳದಿಂದ ಬರಬೇಕಾಗಿದ್ದ ರೆಫರಿ ಬರಲೇ ಇಲ್ಲ. ರಾಜ್ಯ ತಂಡದ ಆಯ್ಕೆಗಾರರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅತ್ತೆ ಮೇಜು ಬಿಟ್ಟು ಎದ್ದು, ನಾನು ಊದುತ್ತೇನೆ ಅಂದಳು. ಸಂಘದ ಹಿರಿಯರೊಬ್ಬರು, "ಬ್ಯಾಡವಾ, ನಿಮ್ಮ ತಮ್ಮ ಆಡಾಕತ್ತಾನ" ಅಂದರು. "ಸೀಟಿ ಬಾಯಾಗ ಇಟ್ಟಮ್ಯಾಲ ನನಗ ತಮ್ಮ ಇಲ್ರಿ" ಅಂದಳು ಅತ್ತೆ. ಎದುರಿನ ತಂಡದವರೂ ಒಪ್ಪಿದರು. ಅಪ್ಪ ಹೆಮ್ಮೆಯಿಂದ ಮೀಸೆ ತಿರುವಿದ್ದನ್ನು ನಾನು ಕಣ್ಣಾರೆ ಕಂಡೆ. ನನಗಾಗ ಹತ್ತು ವರ್ಷ. ನಡುಗೆರೆಯ ತುದಿಗೆ, ಸುಣ್ಣ ಮೂಗಿಗೆ ಬಡಿಯುವಷ್ಟು ಹತ್ತಿರ ಕೂತಿದ್ದೆ.

ಕೊನೆಯ ದಾಳಿ ಅಪ್ಪನದು. ನಮ್ಮವರು ಒಂದು ಅಂಕ ಹಿಂದೆ. ಅಪ್ಪ ಒಳಗೆ ನುಗ್ಗಿ ಇಬ್ಬರನ್ನು ಮುಟ್ಟಿದ. ಮೂವರು ಅವನ ಸೊಂಟಕ್ಕೆ ಬಿದ್ದರು. ಎಳೆದಾಡುತ್ತ, ಮಣ್ಣು ತಿನ್ನುತ್ತ ನಡುಗೆರೆಯ ಕಡೆ ಕೈ ಚಾಚಿದ. ಜನ ಎದ್ದು ಬೊಬ್ಬೆ ಹೊಡೆಯುತ್ತಿದ್ದರು, ಯಾರಿಗೂ ಏನೂ ಕೇಳುವಂತಿರಲಿಲ್ಲ. ಅವನ ಬಾಯಿ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಆ ಬಾಯಿಂದ ಬಂದದ್ದು ಹುತುತು. ಅವನ ಬೆರಳು ಗೆರೆ ಮುಟ್ಟುವ ಮೊದಲೇ, ಅವನ ಮೇಲೆ ಬಾಗಿ ನಿಂತಿದ್ದ ಅತ್ತೆ ಸೀಟಿ ಊದಿದಳು.

ಗೆದ್ದ ಪಂದ್ಯ ಕೈತಪ್ಪಿತು. ಆಯ್ಕೆಯ ಪಟ್ಟಿಯಲ್ಲಿ ಅಪ್ಪನ ಹೆಸರಿರಲಿಲ್ಲ. ಮರುದಿನ ತಂಡದವರೆಲ್ಲ ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ಮಗ್ಗ ನಿಲ್ಲಿಸಿದ್ದರು, ಆ ಮನೆಯಲ್ಲಿ ನಾನು ಅಂಥ ಮೌನ ಕೇಳಿದ್ದು ಅದೇ ಮೊದಲು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ. "ನೀ ಗೆರಿ ಹತ್ರ ಕುಂತಿದ್ದಿ. ನಾ ಏನಂದ್ನಿ? ಖರೆ ಹೇಳ." ಅವನ ಗದ್ದ ತರಚಿ ಹೋಗಿತ್ತು, ಕಣ್ಣು ಕೆಂಪಗಾಗಿದ್ದವು. ನಾನು ಅತ್ತೆಯ ಕಡೆ ನೋಡಲಿಲ್ಲ.

"ಕಬಡ್ಡಿ ಅಂದಿ, ಅಪ್ಪಾ."

ಅತ್ತೆ ಬಾಗಿಲಿನಿಂದ ಒಳಗೆ ಸರಿದಳು. ಸಣ್ಣ ಹುಡುಗಿಯನ್ನು ಎಲ್ಲರ ಮುಂದೆ ಸುಳ್ಳಿ ಮಾಡುವುದು ಅವಳಿಗೆ ಬೇಕಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆಗ ನಾನು ಬಚಾವಾದೆ ಅಂದುಕೊಂಡಿದ್ದೆ. ತಂಡದವರು ದೂರು ಬರೆದರು, ತಮ್ಮನ ಏಳಿಗೆ ಸಹಿಸದ ಅಕ್ಕ ಅಂತ, ಗೆರೆ ಹತ್ತಿರ ಕೂತ ಮಗುವೇ ಹೇಳಿದೆ ಅಂತ. ಹೆಂಗಸಿನ ಕೈಗೆ ಸೀಟಿ ಕೊಡಬಾರದು ಅಂದುಕೊಂಡವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಅವಳಿಗೆ ಅಂಕದ ಮೇಜೂ ಸಿಗಲಿಲ್ಲ. ಬೀಳಗಿಗೆ ವರ್ಗ ಮಾಡಿಸಿಕೊಂಡು ಒಂದು ಟ್ರಂಕು ಹಿಡಿದು ಹೋದಳು. ನಮ್ಮ ಕಡೆ ಪಂಚಮಿ ಹಬ್ಬ ಅಂದರೆ ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬ. ನಮ್ಮಜ್ಜಿ, ಆಯಿ, ಪ್ರತಿ ವರ್ಷ ಉಂಡಿ ಕಟ್ಟುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಒಮ್ಮೆಯೂ ಕರೆಯಲು ಹೋಗಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಒಮ್ಮೆ ಸಿಕ್ಕಿದ್ದಳು. "ಅಪ್ಪನ ಮೊಣಕಾಲ ಹೆಂಗೈತಿ?" ಅಂತ ಕೇಳಿದಳು. ಅದಕ್ಕಷ್ಟೇ ಉತ್ತರ ಕೊಟ್ಟೆ, ನನ್ನ ಸುಳ್ಳಿನ ಮಾತೆತ್ತಲಿಲ್ಲ. ಬಸ್ಸು ಬಂತು, ಹತ್ತಿಬಿಟ್ಟೆ. ಹೇಡಿ ನಾನು, ಬೇರೆ ಶಬ್ದ ಇಲ್ಲ.

ಹೋದ ವರ್ಷ ಗಿರಿಜತ್ತೆ ತೀರಿಕೊಂಡಳು. ಅಪ್ಪ, ನಾನು ಮಣ್ಣಿಗೆ ಹೋಗಿ ಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆಯ ಕಬ್ಬಿನ ಹೊಲಗಳನ್ನೇ ನೋಡುತ್ತ ಕೂತಿದ್ದ. ನನ್ನ ಕಡೆ ತಿರುಗದೆಯೇ ಕೇಳಿದ, "ಆವತ್ತ ನಾ ಏನಂದಿದ್ನಿ?"

ಈ ಸಲ ಸುಳ್ಳು ಹೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ. "ಹುತುತು ಅಂದಿದ್ದಿ, ಅಪ್ಪಾ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕಿಟಕಿಯ ಸರಳಿಗೆ ಹಣೆ ಆನಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ನನಗ ಖರೇನ ಗೊತ್ತಿರಲಿಲ್ಲವ್ವಾ. ಬ್ಯಾರೆ ಯಾರನ್ನ ಕೇಳಿದ್ರೂ ನನ್ನ ಮಾರಿ ನೋಡಿ ಹೇಳ್ತಿದ್ರು. ಅದಕ್ಕ ನಿನ್ನ ಕೇಳಿದ್ನಿ."